ಕರಿಮಾಯಿ ಪಾತ್ರ ಯಾರಿಗೆ?

ಬರಹ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ.

2025ರ ಏಪ್ರಿಲ್‌ನಲ್ಲಿ ಎಚ್‌ಬಿಒ ಕಂಪನಿ ಹ್ಯಾರಿ ಪಾಟರ್ ಪುಸ್ತಕಗಳ ಹೊಸ ಸರಣಿಗೆ ನಟರ ಹೆಸರು ಪ್ರಕಟಿಸಿತು. ಸ್ನೇಪ್ ಮಾಸ್ತರನ ಪಾತ್ರ ಪಾಪಾ ಎಸ್ಸಿಯೆಡು ಎಂಬ ಕಪ್ಪು ನಟನಿಗೆ ಹೋಯಿತು. ಘಾನಾ ಮೂಲದ ಮನೆತನ, ಲಂಡನ್ನಿನಲ್ಲಿ ಬೆಳೆದವನು, ಇಂಗ್ಲೆಂಡಿನ ದೊಡ್ಡ ರಂಗತಂಡದಲ್ಲಿ ಹ್ಯಾಮ್ಲೆಟ್ ಆಡಿದವನು. ಆದರೂ "ಪುಸ್ತಕದಾಗ ಹಂಗಿಲ್ಲ" ಅಂತ ಜಗತ್ತಿನ ತುಂಬ ಗದ್ದಲ ಎದ್ದಿತು. ನಮ್ಮ ಗೋಕಾಕ, ಮೂಡಲಗಿ ಹುಡುಗರ ವಾಟ್ಸ್ಯಾಪ್ ಗುಂಪುಗಳಲ್ಲೂ ಅದೇ ವಾದ. ಮಾಟಗಾರರು, ಹಾರುವ ಕಸಬರಿಗೆ, ಮಾತಾಡುವ ಟೊಪ್ಪಿಗೆ ಎಲ್ಲ ನಂಬಬಹುದಂತ, ಕಪ್ಪು ಮಾಸ್ತರ ಮಾತ್ರ ನಂಬಾಕ ಆಗಂಗಿಲ್ಲಂತ!

ಕಾಸ್ಟಿಂಗ್ ಅನ್ನೋ ಪದ ನಮ್ಮ ಕಿವಿಗೆ ಬಿದ್ದರೆ ಮೊದಲು ಕೇಳಿಸೋದು ಕಾಸ್ಟ್. ಹಾಗಾಗಿ ಈ ಜಗಳವನ್ನ ನಮ್ಮ ಹೊಳೀ ದಂಡೆಗೆ ತಂದು ನೋಡಬೇಕು ಅನ್ನಿಸಿತು. ಯಾಕಂದ್ರ ನಮಗೂ ಒಂದು ಮಾಯಾಲೋಕ ಐತಿ, ಅದರ ಹೆಸರು ಶಿವಾಪುರ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿ, ಘಟಪ್ರಭಾ ನದಿಯ ದಂಡೆ. 1937ರ ಜನವರಿ 2ರಂದು ಅಲ್ಲಿಯ ಕಮ್ಮಾರರ ಮನೆಯಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದರು. ಹೈಸ್ಕೂಲು ಗೋಕಾಕದಲ್ಲಿ. ಬಡತನದಿಂದ ಓದು ನಿಲ್ಲುವಂತಾದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದರು. ಮುಂದಿನ ಕಥೆ ಎಲ್ಲರಿಗೂ ಗೊತ್ತು: ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ರ ಸಾಲಿನ ಜ್ಞಾನಪೀಠ. 1964ರ 'ಹೇಳತೇನ ಕೇಳ'ದಿಂದ ಹಿಡಿದು 'ಋಷ್ಯಶೃಂಗ', 'ಜೋಕುಮಾರಸ್ವಾಮಿ', 'ಕರಿಮಾಯಿ', 'ಚಕೋರಿ', 'ಶಿಖರಸೂರ್ಯ'ದವರೆಗೆ ಕಂಬಾರರು ಕಟ್ಟಿದ್ದು ಒಂದೇ ಲೋಕ. ಅಲ್ಲಿ ದೇವಿ ಮೈಮೇಲೆ ಬರುತ್ತಾಳೆ, ಯಕ್ಷಿ ಒಬ್ಬ ಹಾಡುಗಾರನಿಗೆ ಮನಸೋಲುತ್ತಾಳೆ, ಮಳೆ ಬರಬೇಕಾದರೆ ಯಾರೋ ಬೆಲೆ ತೆರಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ಇದನ್ನೇ ಫ್ಯಾಂಟಸಿ ಸೀರೀಸ್ ಅಂತ ಹೆಸರಿಟ್ಟು ಮಾರುತ್ತಿದ್ದರು.

ಕಂಬಾರರು ನಮ್ಮ ಕೇರಿಯವರಲ್ಲ. ಆದರೆ ಕುಲುಮೆಯ ಮನೆಯವರು, ದುಡಿಯುವ ಜಾತಿಯವರು, ಕೇರಿಯ ದನಿಯನ್ನ ಕಿವಿಗೊಟ್ಟು ಕೇಳಿದವರು. ಅವರ ಮೇಲೆ ನನಗ ಸಿಟ್ಟಿಲ್ಲ, ಪ್ರೀತಿ ಐತಿ. ನನ್ನ ಪ್ರಶ್ನೆ ಬೇರೆ. ಪುಟದ ಮೇಲಿದ್ದ ಶಿವಾಪುರ ಪರದೆ ಮೇಲೆ ಬಂದಾಗ ಅದರ ಮುಖ ಯಾರದಾಯಿತು?

'ಕರಿಮಾಯಿ' 1975ರ ಕಾದಂಬರಿ. ಹೆಸರಿನಲ್ಲೇ ಬಣ್ಣ ಐತಿ ನೋಡ್ರಿ. ಕರಿ ಮಾಯಿ, ಕರಿ ತಾಯಿ. ಕ್ಯಾಲೆಂಡರಿನಲ್ಲಿ ತಾವರೆ ಮೇಲೆ ನಿಂತ ಬೆಳ್ಳಗಿನ ಲಕ್ಷ್ಮಿ ಅಲ್ಲ ಇವಳು. ಇವಳ ಮಾತು ಊರಿಗೆ ತಲುಪೋದು ಮೈಮೇಲೆ ಬಂದ ದೇವರೇಸಿಯ ಬಾಯಿಂದ. ಪೂಜಾರಿಯ ಮಂತ್ರಕ್ಕೆ ಅಲ್ಲಿ ಆ ಜಾಗ ಇಲ್ಲ.

ಇಲ್ಲಿ ದೂರದ ಒಂದು ಉದಾಹರಣೆ ಕೊಡಬೇಕು. ಅಮೆರಿಕದ ಅರ್ಸುಲಾ ಲಗ್ವಿನ್ 1968ರಲ್ಲಿ ಅರ್ತ್‌ಸೀ ಸರಣಿಯ ಮೊದಲ ಪುಸ್ತಕ ಬರೆದರು. ಹ್ಯಾರಿ ಪಾಟರ್‌ಗಿಂತ ಮೂವತ್ತು ವರ್ಷ ಹಿಂದೆಯೇ ಮಾಟದ ಶಾಲೆಗೆ ಹೋಗುವ ಹುಡುಗನ ಕಥೆ. ಅದರ ನಾಯಕ ಗೆಡ್‌ನ ಮೈಬಣ್ಣ ತಾಮ್ರದಂಥ ಕಂದು. ಆ ದ್ವೀಪಗಳ ಬಹುಪಾಲು ಜನ ಕಂದು, ಕಪ್ಪು. ದಾಳಿ ಮಾಡಿ ಬರುವವರು ಬಿಳಿಯರು. ಲೇಖಕಿ ಬೇಕಂತಲೇ ಹಾಗೆ ಮಾಡಿದ್ದರು. 2004ರಲ್ಲಿ ಒಂದು ಟೀವಿ ಚಾನೆಲ್ ಅದನ್ನ ಪರದೆಗೆ ತಂದಾಗ ಗೆಡ್ ಬಿಳಿ ಹುಡುಗನಾಗಿದ್ದ. ಅವನ ಗುರುವಿನ ಪಾತ್ರದಲ್ಲಿ ಡ್ಯಾನಿ ಗ್ಲೋವರ್ ಒಬ್ಬ ಕಪ್ಪು ನಟ ಇದ್ದ, ಅಷ್ಟೇ. ಲಗ್ವಿನ್ ಸುಮ್ಮನೆ ಕೂರಲಿಲ್ಲ. ನನ್ನ ಲೋಕಕ್ಕೆ ಸುಣ್ಣ ಬಳಿದಿರಿ ಅನ್ನೋ ಅರ್ಥದಲ್ಲಿ ಬಹಿರಂಗವಾಗಿ ಬರೆದರು.

ಎಸ್ಸಿಯೆಡು ಮೇಲಿನ ಗದ್ದಲ ಜೋರಾಗಿ ಕೇಳತೈತಿ, ಗೆಡ್‌ಗೆ ಆದದ್ದು ಯಾರಿಗೂ ನೆನಪಿಲ್ಲ. ಬಿಳಿಯನಂತೆ ಬರೆದ ಪಾತ್ರಕ್ಕೆ ಕರಿಯ ಬಂದರೆ ಮೋಸ; ಕರಿಯನಾಗಿಯೇ ಬರೆದ ಪಾತ್ರ ಬಿಳಿಯನಿಗೆ ಹೋದರೆ ಅದು ಮಾರುಕಟ್ಟೆ. ನಮ್ಮ ಸಂಕಟ ಈ ಎರಡನೇ ಜಾತಿಯದು.

ಸಿನಿಮಾ ಬರುವ ಮೊದಲೇ ನಮ್ಮ ಕಡೆ ಪಾತ್ರ ಹಂಚಿಕೆ ನಡೆದಿತ್ತು. ದ್ಯಾಮವ್ವನ ಜಾತ್ರೆಯ ಕಥೆ ಉತ್ತರ ಕರ್ನಾಟಕದ ಊರೂರಲ್ಲಿ ಹೇಳುತ್ತಾರೆ: ಹೊಲೆಯರ ಹುಡುಗನೊಬ್ಬ ಬ್ರಾಹ್ಮಣನ ವೇಷ ಹಾಕಿ ಬ್ರಾಹ್ಮಣರ ಹುಡುಗಿಯನ್ನ ಮದುವೆಯಾದ, ಗುಟ್ಟು ಬಯಲಾಯಿತು, ಆಕೆ ಸಿಟ್ಟಿನಿಂದ ದೇವಿಯಾದಳು, ಅವನು ಕೋಣನಾದ. ಅದಕ್ಕೇ ಜಾತ್ರೆಯಲ್ಲಿ ಕೋಣ ಕಡಿಯೋದು, ಅದಕ್ಕೇ ಆಸಾದಿ, ಪೋತರಾಜನ ಕೆಲಸ ನಮ್ಮವರಿಗೆ. ಒಬ್ಬ ವೇಷ ಬದಲಿಸಿದ ಅನ್ನೋ ಒಂದೇ ತಪ್ಪಿಗೆ ತಲೆತಲಾಂತರ ಶಿಕ್ಷೆ. ಈ ಕಥೆಯನ್ನ ಬಾಲ್ಯದಿಂದ ಕೇಳಿದವರಿಗೆ ಹೊಸ ಕಾಸ್ಟಿಂಗ್ ಡೈರೆಕ್ಟರ್ ಏನು ಹೇಳಿದರೂ ಆಶ್ಚರ್ಯ ಆಗಂಗಿಲ್ಲ. ನಿನ್ನ ವೇಷ ನಿನಗ, ಮೇಲಿನ ವೇಷಕ್ಕೆ ಕೈಹಾಕಿದರೆ ಕೋಣ ಆಗತಿ.

ಆದರೆ ಅದೇ ನೆಲದಲ್ಲಿ ಇನ್ನೊಂದು ಆಟ ಇತ್ತು, ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಹಾಕಿದ ಹಾದಿಯಲ್ಲಿ ಕುಲಗೋಡ ತಮ್ಮಣ್ಣ ಅದನ್ನ ಬೆಳೆಸಿದ. ಕುಲಗೋಡ ಇವತ್ತಿನ ಮೂಡಲಗಿ ತಾಲ್ಲೂಕು. ಪುರಾಣದ ಪುಸ್ತಕದಿಂದ ಎತ್ತಿದ ಕಥೆ: ಸ್ವರ್ಗದ ಗಿಡದ ಹೂವು, ನಾರದನ ಚಾಡಿ, ಸತ್ಯಭಾಮೆಯ ಸಿಟ್ಟು. ಅಂದಮೇಲೆ ಇದೂ ಒಂದು ಅಡಾಪ್ಟೇಷನ್ನೇ ಅಲ್ಲೇನು? ಮೂಲದಲ್ಲಿ ಮೂಲೆಯಲ್ಲಿ ನಿಲ್ಲಬೇಕಾದ ದೂತಿಗೆ ಇಲ್ಲಿ ಊರಗಲ ಬಾಯಿ. ಕೃಷ್ಣನ ಮುಖಕ್ಕೇ ಹೊಡೆದಂಗ ಬೆಳಗಾವಿ ಮಾತಿನಲ್ಲಿ ಕೇಳತಾಳ. ಕೊರವಂಜಿಯೂ ಬರುತ್ತಾಳೆ. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಆಟಕ್ಕೆ ಆಮೇಲೆ ಹೆಣ್ಣುಮಕ್ಕಳು ಬಂದರು. ಗೋಕಾಕದ ಕಡೆಯ ಕೌಜಲಗಿ ಊರಿನ ಹೆಸರು ಇವತ್ತಿಗೂ ನಿಂಗಮ್ಮನ ಹೆಸರಿನ ಜೊತೆಗೇ ನೆನಪಾಗತೈತಿ, ಅಷ್ಟು ದೊಡ್ಡ ಪಾರಿಜಾತ ಕಲಾವಿದೆ ಆಕೆ.

ಪಾರಿಜಾತಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ದೇವದಾಸಿ ಮನೆತನದವರು. ಅಂದರೆ ಮುತ್ತು ಕಟ್ಟಿಸಿಕೊಂಡ ಮನೆಗಳು, ಬಹುಪಾಲು ನಮ್ಮ ಕೇರಿಗಳು. ರಾತ್ರಿ ದೇವರ ಪಟ್ಟದ ರಾಣಿ. ಬೆಳಗಾದರೆ ಅದೇ ಗೌಡನ ಅಂಗಳದ ಹೊರಗ ನಿಲ್ಲಬೇಕು. ಇದನ್ನ ಕ್ರಾಂತಿ ಅಂತ ಕರೆಯಾಕ ನಾ ಹೊರಟಿಲ್ಲ, ದೇವದಾಸಿ ಪದ್ಧತಿಯ ಹೊಲಸನ್ನ ಕಲೆಯ ಹೆಸರಿನಲ್ಲಿ ತೊಳೆಯೋ ಕೆಲಸ ನಮ್ಮದಲ್ಲ. 1982ರ ಕಾನೂನು ಬರುವವರೆಗೆ ಎಷ್ಟು ಹೋರಾಟ ಬೇಕಾಯಿತು, ಬಂದ ಮೇಲೂ ಎಷ್ಟು ಬೇಕಾಯಿತು ಅಂತ ಸವದತ್ತಿ ಗುಡ್ಡ ನೋಡಿದವರಿಗೆ ಗೊತ್ತು. ನಾ ಹೇಳೋದು ಇಷ್ಟೇ: ಬಯಲಾಟದ ಕಟ್ಟೆ ಮೇಲೆ ನಮ್ಮ ಹೆಣ್ಣುಮಗಳು ಸತ್ಯಭಾಮೆ ಆಗಬಹುದಿತ್ತು. ಪರದೆ ಮೇಲೆ ಆ ಬಾಗಿಲು ಮುಚ್ಚಿತು.

ಶಿವಾಪುರ ಸಿನಿಮಾ ಆದದ್ದು ನೋಡೋಣ. 'ಋಷ್ಯಶೃಂಗ'ವನ್ನ ವಿ.ಆರ್.ಕೆ. ಪ್ರಸಾದ್ ತೆರೆಗೆ ತಂದರು. ಅದರ ಸಂಗೀತಕ್ಕೆ 1976ರ ಸಾಲಿನ ರಾಷ್ಟ್ರಪ್ರಶಸ್ತಿ ಬಿ.ವಿ. ಕಾರಂತರಿಗೆ ಬಂತು. 'ಕರಿಮಾಯಿ', 'ಕಾಡುಕುದುರೆ', 'ಸಂಗೀತಾ' ಚಿತ್ರಗಳನ್ನ ಕಂಬಾರರೇ ನಿರ್ದೇಶಿಸಿದರು. 'ಕಾಡುಕುದುರೆ'ಯ ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಶಿವಮೊಗ್ಗ ಸುಬ್ಬಣ್ಣನವರಿಗೆ, ಹಿನ್ನೆಲೆ ಗಾಯನಕ್ಕೆ ಕನ್ನಡಕ್ಕೆ ಬಂದ ಮೊದಲ ರಾಷ್ಟ್ರಪ್ರಶಸ್ತಿ ಅದು. ಸಂತೋಷದ ಸಂಗತಿಯೇ. ಆದರೂ ಗಮನಿಸ್ರಿ, ಎರಡೂ ಪ್ರಶಸ್ತಿ ಬಂದದ್ದು ದನಿಗೆ. ಆ ದನಿಯ ಬೇರು ಎಲ್ಲಿ? ಹಲಗಿ ಬಡಿಯೋ ಮಾದಿಗರ, ಹೊಲೆಯರ ಕೈಯಾಗ, ಸನಾದಿ ಊದೋ ಕೊರಮರ ಉಸಿರಿನಾಗ, ಜೋಗತಿಯರ ಚೌಡಿಕೆಯಾಗ. ಆ ಕಾಲದ ಹೊಸ ಅಲೆಯ ಸಿನಿಮಾಕ್ಕೆ ನಟರು ಬರುತ್ತಿದ್ದದ್ದು ಹೆಚ್ಚಾಗಿ ಬೆಂಗಳೂರು, ಮೈಸೂರಿನ ಹವ್ಯಾಸಿ ರಂಗಭೂಮಿಯಿಂದ. ಪರದೆ ನಮ್ಮ ದನಿಯನ್ನ ಒಳಗೆ ಕರೀತು, ಮುಖಕ್ಕೆ ಹೊರಗೇ ಇರು ಅಂತು.

ಇದು ಫ್ಯಾಂಟಸಿಯೊಳಗ ಮಾತ್ರ ನಡೆದದ್ದಲ್ಲ. 1977ರ 'ಸನಾದಿ ಅಪ್ಪಣ್ಣ' ನೆನಪು ಮಾಡಿಕೊಳ್ರಿ. ಕಥೆ ಬರೆದ ಕೃಷ್ಣಮೂರ್ತಿ ಪುರಾಣಿಕರು ಗೋಕಾಕದಲ್ಲಿ ಮಾಸ್ತರರಾಗಿದ್ದವರು, ಹುಟ್ಟಿದ್ದು ಬೀಳಗಿ. ಆ ಬೀಳಗಿಯ ನಿಜವಾದ ಸನಾದಿ ಕಲಾವಿದ ಅಪ್ಪಣ್ಣನೇ ಕಥೆಯ ಮೂಲ. ನಮ್ಮ ಸೀಮೆಯಲ್ಲಿ ಸನಾದಿ ಅಂದರೆ ಭಜಂತ್ರಿಗಳ ಕಸುಬು, ಕೊರಮರು, ಪರಿಶಿಷ್ಟ ಜಾತಿ. ಪರದೆ ಮೇಲೆ ಮುಖ ರಾಜಕುಮಾರ್ ಅವರದು, ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನರದು. ಇಬ್ಬರೂ ಮಹಾನ್ ಕಲಾವಿದರು, ಅವರಿಗೆ ಕೈಮುಗಿದೇ ಹೇಳತೇನಿ. ಮದುವೆ ಮನೆಯಲ್ಲಿ ಇವತ್ತಿಗೂ ಚಪ್ಪರದ ಹೊರಗೆ ಕೂತು ಊದುವ ಭಜಂತ್ರಿಯನ್ನ "ಏ ಅಪ್ಪಣ್ಣಾ, ಆ ಸಿನಿಮಾದ್ದು ಊದೋ" ಅಂತ ಏಕವಚನದಲ್ಲಿ ಕರೆಯುತ್ತಾರೆ. ಅಪ್ಪಣ್ಣನ ಕೀರ್ತಿ ಹೋದದ್ದು ಎಲ್ಲಿಗೆ, ಏಕವಚನ ಉಳಿದದ್ದು ಯಾರಿಗೆ?

ಆಮೇಲೆ 'ಸಿಂಗಾರೆವ್ವ ಮತ್ತು ಅರಮನೆ'. 1982ರ ಕಾದಂಬರಿಯನ್ನ ಟಿ.ಎಸ್. ನಾಗಾಭರಣ 'ಸಿಂಗಾರೆವ್ವ' ಅಂತ ಸಿನಿಮಾ ಮಾಡಿದರು. 2002ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು. ಸಿಂಗಾರೆವ್ವನಾಗಿ ಪ್ರೇಮಾ, ಆಗಿನ ಕಾಲದ ದೊಡ್ಡ ತಾರೆ, ಕೊಡಗಿನವರು. ಕಾದಂಬರಿಯಲ್ಲಿ ಈ ಕಥೆಯನ್ನ ಹೇಳೋದು ಸಿಂಗಾರೆವ್ವನ ಜೊತೆಗಿದ್ದ ಆಳು ಹೆಂಗಸು ಶೀನಿಂಗವ್ವ. ಅರಮನೆಯ ಕಥೆ ಆಳಿನ ಬಾಯಲ್ಲಿ! ನನ್ನ ಮಟ್ಟಿಗೆ ಆ ಪುಸ್ತಕದ ದೊಡ್ಡತನ ಇರೋದೇ ಅಲ್ಲಿ. ಸಿನಿಮಾಕ್ಕೆ ಹೆಸರಿಡುವಾಗ ಅರಮನೆ ಹೋಯಿತು, ಸಿಂಗಾರೆವ್ವ ಉಳಿದಳು. ಕಥೆ ಹೇಳಿದವಳ ಹೆಸರು ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

"ನಿಮ್ಮವರಿಗೆ ಅಭಿನಯ ಬರಬೇಕಲ್ಲ" ಅಂತ ಕೇಳುವವರು ಇದ್ದಾರೆ. ಅವರಿಗೆ ಪಿ.ಕೆ. ರೋಸಿಯ ಹೆಸರು ಹೇಳತೇನಿ. 1930ರ ಆಸುಪಾಸಿನಲ್ಲಿ ಜೆ.ಸಿ. ಡೇನಿಯಲ್ ಮಾಡಿದ 'ವಿಗತಕುಮಾರನ್' ಮಲಯಾಳಂನ ಮೊದಲ ಸಿನಿಮಾ. ಅದರ ನಾಯಕಿ ರೋಸಿ, ದಲಿತ ಹೆಣ್ಣುಮಗಳು, ಆಡಿದ್ದು ನಾಯರ್ ಹೆಣ್ಣಿನ ಪಾತ್ರ. ತಿರುವನಂತಪುರದಲ್ಲಿ ಮೇಲ್ಜಾತಿಯವರು ಗಲಭೆ ಎಬ್ಬಿಸಿದರು, ಆಕೆ ಊರು ಬಿಟ್ಟು ಓಡಬೇಕಾಯಿತು, ಮತ್ತೆ ಯಾವತ್ತೂ ಕ್ಯಾಮೆರಾ ಮುಂದೆ ಬರಲಿಲ್ಲ. ಅಭಿನಯ ಬರಲಿಲ್ಲ ಅಂತ ಓಡಿಸಲಿಲ್ಲ, ಬಂತು ಅಂತ ಓಡಿಸಿದರು. ದ್ಯಾಮವ್ವನ ಕಥೆಯ ಆ ಹುಡುಗನ ತಪ್ಪೂ ಅದೇ ಇತ್ತು.

ಬದಲಾವಣೆ ನಮ್ಮ ಗಡಿಯ ಆಚೆಯಿಂದ ಬಂತು. ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ 2013ರಲ್ಲಿ 'ಫಂಡ್ರಿ' ಮಾಡಿದ. ನಾಯಕ ಜಬ್ಯಾನ ಪಾತ್ರಕ್ಕೆ ಹಳ್ಳಿಯಲ್ಲಿ ಹಲಗಿ ಬಾರಿಸುತ್ತಿದ್ದ ಹುಡುಗ ಸೋಮನಾಥ ಅವಘಡೆಯನ್ನ ಹಿಡಿದು ತಂದ. ಆ ಹುಡುಗನಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಹುಕ್ಕೇರಿ, ಸಂಕೇಶ್ವರ ಕಡೆಯ ನಮ್ಮ ಮಂದಿಗೆ ಮರಾಠಿ ಹೊಸದಲ್ಲ, ಆ ಸಿನಿಮಾ ನೋಡಿದ ಹುಡುಗರು ಮೊದಲ ಸಲ ಪರದೆ ಮೇಲೆ ತಮ್ಮ ಮಾರಿ ನೋಡಿದಂಗಾತು ಅಂದರು.

ಇಲ್ಲಿ ನಮ್ಮೊಳಗೇ ಒಂದು ಜಗಳ ಐತಿ, ಅದನ್ನ ಮುಚ್ಚಿಡೋದು ಬ್ಯಾಡ. ಹಲಗಿಯನ್ನ ಪರದೆ ಮೇಲೆ ಯಾಕೆ ತರಬೇಕು ಅಂತ ನಮ್ಮ ಹಿರಿಯರು ಕೇಳತಾರ. ಬಾಬಾಸಾಹೇಬರು 1925ರಲ್ಲಿ ನಿಪ್ಪಾಣಿಗೆ ಬಂದು ಸಮ್ಮೇಳನ ನಡೆಸಿದ ನೆಲ ಇದು. ಮಹಾಡದ ನಂತರ ಸತ್ತ ದನ ಹೊರೋದು ಬಿಡ್ರಿ, ಹೀನ ಕಸುಬು ಬಿಡ್ರಿ ಅಂದವರು ಅವರು. ಅವರ ಮಾತು ಕೇಳಿ ಹಲಗಿ ಮೂಲೆಗಿಟ್ಟ ಮನೆಗಳು ಎಷ್ಟೋ. ಬಿಟ್ಟಿ ಬಡಿತಕ್ಕೆ ಒಲ್ಲೆ ಅಂದಿದ್ದಕ್ಕೆ ಬಹಿಷ್ಕಾರ ಉಂಡ ಕೇರಿಗಳೂ ಇವೆ. ಆ ಹಿರಿಯರ ಮಾತಿನಲ್ಲಿ ನ್ಯಾಯ ಐತಿ. ಇತ್ತ ಕಾಲೇಜು ಕಲಿತ ನಮ್ಮ ಹುಡುಗಿಯರು ಹಲಗಿ ಕೊರಳಿಗೆ ಹಾಕಿಕೊಂಡು ಏಪ್ರಿಲ್ 14ರ ಮೆರವಣಿಗೆಯ ಮುಂದೆ ಕುಣೀತಾರ, ಅವರದೂ ನ್ಯಾಯನೇ. ನನಗೆ ತೋಚೋದು ಇಷ್ಟು: ಗೌಡ ಕರೆದಾಗ ಬಡಿಯೋದು ಬಿಟ್ಟಿ, ನಾವೇ ನಿರ್ಧರಿಸಿ ಬಡಿದರೆ ವಾದ್ಯ. ಪರದೆ ಮೇಲೂ ಅದೇ ಲೆಕ್ಕ.

ಇವತ್ತು ಯಾರಾದರೂ ಒಟಿಟಿಗೆ 'ಶಿಖರಸೂರ್ಯ'ವನ್ನ ಸರಣಿ ಮಾಡಬಹುದು. ಒಂದು ಕಡೆ ಶಿವಾಪುರ, ಇನ್ನೊಂದು ಕಡೆ ಕನಕಪುರಿ ಅನ್ನೋ ರಾಜ್ಯ. ಹತ್ತು ಕಂತಿಗೆ ಸಾಲುವಷ್ಟು ಸರಕು. ಅವತ್ತು ಏನಾಗಬಹುದು ಅಂತ ಈಗಲೇ ಹೇಳಬಲ್ಲೆ. ಕಾಡಿನ ಜನರ ಪಾತ್ರಕ್ಕೆ ಮುಂಬೈಯಿಂದ ಬಂದವರಿಗೆ ಕರಿ ಬಣ್ಣ ಬಳೀತಾರ, ಗುಂಪಿಗೆ ನಮ್ಮವರನ್ನ ದಿನಗೂಲಿಗೆ ಕರೀತಾರ, ಬೆಳಗಾವಿ ಭಾಷೆ ಅಂತ ಎಲ್ಲ ಕ್ರಿಯಾಪದಕ್ಕೂ ಒಂದೊಂದು 'ಐತಿ' ಅಂಟಿಸತಾರ.

ಅದಕ್ಕೆ ಈಗಲೇ ಕೇಳಿಡಬೇಕು. ಹಲಗಿ ತಂಡಕ್ಕೆ ವಾದ್ಯಗಾರರ ಸಂಭಾವನೆ, ಟೈಟಲ್‌ನಲ್ಲಿ ಪ್ರತಿಯೊಬ್ಬರ ಹೆಸರು. ಕರಿಮಾಯಿ ಕರಿಯಾಗೇ ಇರಬೇಕು, ಬಳಿದ ಕರಿ ಅಲ್ಲ. ಅಷ್ಟಕ್ಕೇ ನಿಲ್ಲಿಸಿದರೂ ತಪ್ಪಾಗತೈತಿ: ಹಲಗಿ ಬಾರಿಸೋನ ಮಗಳಿಗೆ ಹಲಗಿಯವಳ ಪಾತ್ರ ಮಾತ್ರ ಅಂದರೆ ಅದೂ ಜಾತಿನೇ. ಕನಕಪುರಿಯ ರಾಣಿ ಪಾತ್ರಕ್ಕೂ ಆಕೆಯನ್ನ ಕರೀರಿ. ಆಡಿಷನ್ ಬೆಂಗಳೂರಿನಲ್ಲಿ ಇಟ್ಟರೆ ರಾತ್ರಿ ಬಸ್ಸಿನ ಚಾರ್ಜು, ಮ್ಯಾಲ ಎರಡು ದಿನದ ಕೂಲಿ ಹೋಗತೈತಿ, ಯಾರೂ ಬರಂಗಿಲ್ಲ. ಗೋಕಾಕದಾಗ ಇಡ್ರಿ, ಮೂಡಲಗಿಯಾಗ ಇಡ್ರಿ, ಹುಕ್ಕೇರಿಯಾಗ ಇಡ್ರಿ. ಮದುವಿ ಸೀಜನ್ ಒಂದು ಬಿಟ್ಟು ಯಾವಾಗಾದರೂ ಇಡ್ರಿ. ಆಗ ಮಾತ್ರ ನಮ್ಮ ಭಜಂತ್ರಿ ಹುಡುಗರಿಗೆ ಪುರುಸೊತ್ತು ಇರಂಗಿಲ್ಲ.