ನಿಲ್ಲಬೇಕಾದಲ್ಲೇ ನಿಲ್ಲುವ ಕಿರಣ

ಶಿವಮೊಗ್ಗ, ಭದ್ರಾವತಿ ಸೀಮೆಗೆ ಸೊಂಟನೋವು ಹೊಸತಲ್ಲ. ಅಡಿಕೆ ತೋಟದಲ್ಲಿ ಬಗ್ಗಿ ದುಡಿದವರಿಗೂ, 1923ರಲ್ಲಿ ಕಬ್ಬಿಣ ತಯಾರಿಸತೊಡಗಿದ ಭದ್ರಾವತಿ ಕಾರ್ಖಾನೆಯ ಕಾರ್ಮಿಕರಿಗೂ ಅದು ಚಿರಪರಿಚಿತ. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡರೆ ಬಹುಪಾಲು ನೋವು ಇಳಿಯುತ್ತದೆ. ಅಪರೂಪಕ್ಕೊಮ್ಮೆ ಮಾತ್ರ ನೋವಿನ ಹಿಂದೆ ಬೆನ್ನುಮೂಳೆಯ ಗಡ್ಡೆ ಅಡಗಿರುತ್ತದೆ. ಅಂಥದ್ದೊಂದು ‘ಕಾರ್ಡೋಮಾ’. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಕ್ಯಾನ್ಸರ್ ಇದು.

ಗರ್ಭದಲ್ಲಿ ಬೆನ್ನುಮೂಳೆ ಮೂಡುವ ಮೊದಲು ಭ್ರೂಣಕ್ಕೆ ಹುರಿಯಂಥ ಒಂದು ಆಧಾರ ಇರುತ್ತದೆ. ಮೂಳೆ ಬೆಳೆದಂತೆ ಅದು ಮರೆಯಾಗುತ್ತದೆ. ಕೆಲವರಲ್ಲಿ ಉಳಿದ ಅದರ ಚೂರು ಎಷ್ಟೋ ವರ್ಷಗಳ ನಂತರ ಗಡ್ಡೆಯಾಗುತ್ತದೆ. ಬೆಳವಣಿಗೆ ನಿಧಾನ; ಜಾಗ ಮಾತ್ರ ಅಪಾಯದ್ದು. ಶಸ್ತ್ರಚಿಕಿತ್ಸೆಯೇ ಮೊದಲ ದಾರಿಯಾದರೂ ನರಗಳ ಮಗ್ಗುಲಲ್ಲಿ ಚೂರು ಉಳಿದುಬಿಡಬಹುದು.

ಆಗ ಬೇಕಾಗುವುದು ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ. ವಿಕಿರಣವನ್ನು ಅಳೆಯುವ ಮಾನ ‘ಗ್ರೇ’. ಈ ಗಡ್ಡೆಯನ್ನು ಅಡಗಿಸಲು 70 ಗ್ರೇಗೂ ಹೆಚ್ಚು ಬೇಕು. ಪಕ್ಕದ ಬೆನ್ನುಹುರಿ ತಾಳುವುದು 50ರ ಆಸುಪಾಸು. ಮಿತಿ ಮೀರಿದರೆ ಕೈಕಾಲಿನ ಸ್ವಾಧೀನವೇ ತಪ್ಪಬಹುದು.

ಎಕ್ಸ್‌ರೇ ಕಿರಣದ ಗುಣ ಮಣ್ಣಿನ ಕಾಲುವೆಯ ನೀರಿನಂತೆ. ದಾರಿಯುದ್ದಕ್ಕೂ ಇಂಗುತ್ತದೆ, ಗದ್ದೆ ದಾಟಿಯೂ ಹರಿಯುತ್ತದೆ. ಪರಮಾಣು ಬೀಜದ ಕಣವಾದ ಪ್ರೋಟಾನ್ ಪೈಪಿನ ನೀರಿನಂತೆ. ದಾರಿಯಲ್ಲಿ ಸ್ವಲ್ಪ ಸೋರಿದರೂ ಹೆಚ್ಚಿನ ಪಾಲು ಸುರಿಯುವುದು ಕೊನೆಯಲ್ಲಿ. ಅದರಾಚೆಗೆ ಹೆಚ್ಚೇನೂ ಹೋಗದು. ಕಣಗಳ ಈ ಸ್ವಭಾವವನ್ನು ವಿಲಿಯಂ ಬ್ರ್ಯಾಗ್ 1904ರ ಸುಮಾರಿಗೆ ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಗುರುತಿಸಿದರು.

ಅದನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಬರೆದವರು ರಾಬರ್ಟ್ ವಿಲ್ಸನ್. ಅವರು ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ವಿಜ್ಞಾನಿ. 1954ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಪ್ರೋಟಾನ್ ನೀಡಲಾಯಿತು. ಅಲ್ಲಿನ ಸೈಕ್ಲೋಟ್ರಾನ್‌ನ ಕಬ್ಬಿಣದ ಅಯಸ್ಕಾಂತವೇ ಸುಮಾರು 4 ಸಾವಿರ ಟನ್ ತೂಗುತ್ತಿತ್ತು. ಯುದ್ಧಕಾಲದಲ್ಲಿ ಅದೇ ಅಯಸ್ಕಾಂತವನ್ನು ಬಾಂಬಿಗೆ ಬೇಕಾದ ಯುರೇನಿಯಂ ಬೇರ್ಪಡಿಸುವ ಪ್ರಯೋಗಕ್ಕೆ ಬಳಸಿದ್ದರು.

ಕಿರಣವನ್ನು ನಿಲ್ಲಿಸಲು ಬಂದರೆ ಸಾಲದು, ಎಲ್ಲಿ ನಿಲ್ಲಿಸಬೇಕೆಂದು ಕಾಣಬೇಕು. ಆ ಕಣ್ಣು ದೊರೆತದ್ದು 1970ರ ದಶಕದ ಸಿ.ಟಿ. ಸ್ಕ್ಯಾನ್‌ನಿಂದ. ಅದೇ ದಶಕದಲ್ಲಿ ಬೋಸ್ಟನ್ನಿನ ವೈದ್ಯರು ಹಾರ್ವರ್ಡ್‌ನ ಯಂತ್ರ ಬಳಸಿ ಕಾರ್ಡೋಮಾ ಚಿಕಿತ್ಸೆಗೆ ಕೈಹಾಕಿದರು. ಆಸ್ಪತ್ರೆಗೆಂದೇ ನಿರ್ಮಿಸಿದ ಪ್ರೋಟಾನ್ ಯಂತ್ರ 1990ರಲ್ಲಿ ಕ್ಯಾಲಿಫೋರ್ನಿಯದ ಲೋಮಾ ಲಿಂಡಾದಲ್ಲಿ ಕೆಲಸ ಆರಂಭಿಸಿತು. ಜಪಾನಿನ ಚಿಬಾದಲ್ಲಿ 1994ರಿಂದ ಇನ್ನೂ ಭಾರವಾದ ಇಂಗಾಲದ ಕಣಗಳ ಪ್ರಯೋಗ ನಡೆಯಿತು.

ಭಾರತಕ್ಕೆ ಪ್ರೋಟಾನ್ ಬಂದದ್ದು ವಿಲ್ಸನ್ನರ ಲೇಖನದ 73 ವರ್ಷಗಳ ನಂತರ. 2019ರಲ್ಲಿ ಚೆನ್ನೈನ ಅಪೋಲೊ ಕೇಂದ್ರ ತೆರೆಯಿತು. 2023ರಲ್ಲಿ ನವಿ ಮುಂಬೈಯ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಘಟಕ ಚಿಕಿತ್ಸೆ ಶುರು ಮಾಡಿತು. ಕ್ಯಾನ್ಸರ್ ಎಂದರೆ ರೈಲು ಹತ್ತಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವುದು ಶಿವಮೊಗ್ಗ, ಭದ್ರಾವತಿಯವರಿಗೆ ರೂಢಿ. ಪ್ರೋಟಾನ್‌ಗಾಗಿ ಅದಕ್ಕೂ ದೂರ ಹೋಗಬೇಕು. ವಾರಕ್ಕೆ ಐದು ದಿನದಂತೆ ಆರೇಳು ವಾರ ಪರ ಊರಿನಲ್ಲಿ ತಂಗಬೇಕು. ಚಿಕಿತ್ಸೆಯ ವೆಚ್ಚದ ಜತೆಗೆ ಬಾಡಿಗೆ, ಊಟ, ತಪ್ಪಿದ ಕೂಲಿಯ ಲೆಕ್ಕವೂ ಸೇರುತ್ತದೆ.

ಎಲ್ಲ ಕ್ಯಾನ್ಸರಿಗೂ ಪ್ರೋಟಾನ್ ಬೇಕಿಲ್ಲ. ಇಂದಿನ ಸುಧಾರಿತ ಎಕ್ಸ್‌ರೇ ಚಿಕಿತ್ಸೆಯೂ ಹಲವೆಡೆ ಸಾಕಾಗುತ್ತದೆ. ಬೆನ್ನುಹುರಿಗೆ ಅಂಟಿದ ಗಡ್ಡೆಯಲ್ಲಿ ಮಾತ್ರ ಕೆಲವು ಮಿಲಿಮೀಟರ್‌ಗಳ ಅಂತರಕ್ಕೂ ಬೆಲೆಯಿದೆ. ಆದರೆ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಗಡ್ಡೆ ಚೂರುಚೂರಾದರೆ ಯಾವ ಕಿರಣಕ್ಕೂ ಕೆಲಸ ಕಠಿಣ. ಆದ್ದರಿಂದ ವಾರಗಟ್ಟಲೆ ಇಳಿಯದ, ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ ಎಣ್ಣೆ ಬಾಟಲಿ ಬದಿಗಿಟ್ಟು ಸ್ಕ್ಯಾನ್ ಮಾಡಿಸುವುದು ಲೇಸು. ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಒಂದು ದಿನವೂ ಕಾಯಬಾರದು. ಚೆನ್ನೈ, ಮುಂಬೈಯ ಮಾತು ಆಮೇಲಿನದು. ಮೊದಲ ಹೆಜ್ಜೆ ಇಡಬೇಕಾದದ್ದು ಊರಿನಲ್ಲೇ.