ಮೈಕ್ರೋವೇವ್ ಕುಲುಮೆ: ಕಿರು ಗಾಜು ಹಾಗೂ ಪಿಂಗಾಣಿ ಕರಕುಶಲ ವಸ್ತುಗಳ ತಯಾರಿಕೆಯಲ್ಲಿ ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

ಗಾಜಿನ ಪದಕ, ಕಿವಿಯೋಲೆ, ಗುಂಡಿ, ಪಿಂಗಾಣಿಯ ಚಿಕ್ಕ ಬಿಲ್ಲೆ ಮೊದಲಾದವುಗಳನ್ನು ಮನೆಯಲ್ಲಿಯೇ ತಯಾರಿಸುವ ಹವ್ಯಾಸಿಗಳು ಹಾಗೂ ಸ್ವಉದ್ಯೋಗಿಗಳು ಮೈಕ್ರೋವೇವ್ ಕುಲುಮೆಯನ್ನು ಬಳಸುತ್ತಾರೆ. ಇದು ಗೃಹಬಳಕೆಯ ಮೈಕ್ರೋವೇವ್ ಒಲೆಯ ಒಳಗೆ ಇರಿಸಬಹುದಾದ, ಮುಚ್ಚಳವುಳ್ಳ, ತೂಕದಲ್ಲಿ ಹಗುರವಾದ ಬಿಳಿಯ ಡಬ್ಬಿ. ಕುಂಬಾರರ ಆವಿಗೆಯು ಹಲವು ಗಂಟೆಗಳಲ್ಲಿ ಗಳಿಸುವ ಶಾಖವನ್ನು ಇದು ಕೆಲವೇ ನಿಮಿಷಗಳಲ್ಲಿ ಗಳಿಸುತ್ತದೆ. ಇದರ ಅನುಕೂಲವೂ ಅಪಾಯವೂ ಈ ವೇಗದಲ್ಲಿಯೇ ಅಡಗಿವೆ. ಇಂತಹ ಸಾಧನವನ್ನು ಬಳಸುವವರ ಹಾಗೂ ಅವರ ಕುಟುಂಬದವರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕಾರ್ಯವಿಧಾನ

ಕುಲುಮೆಯ ಹೊರಕವಚವು ಅಲ್ಯೂಮಿನಾ ಮತ್ತು ಸಿಲಿಕಾ ಒಳಗೊಂಡ ಉಷ್ಣನಿರೋಧಕ ಪಿಂಗಾಣಿ ನಾರಿನಿಂದ ಮಾಡಲ್ಪಟ್ಟಿರುತ್ತದೆ. ಮುಚ್ಚಳದ ಒಳಮೈಗೆ ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್ ಬೆರೆತ ಕಪ್ಪು ಲೇಪವಿರುತ್ತದೆ. ಒಲೆಯು ಹೊರಸೂಸುವ 2.45 ಗಿಗಾಹರ್ಟ್ಸ್ ಆವರ್ತನದ ತರಂಗಗಳು ಬಿಳಿಯ ನಾರನ್ನು ಬಹುಮಟ್ಟಿಗೆ ಹಾದುಹೋಗುತ್ತವೆ. ಕಪ್ಪು ಲೇಪವು ಅವುಗಳನ್ನು ಹೀರಿಕೊಂಡು ಕೆಂಡದಂತೆ ಕಾಯುತ್ತದೆ. ಬೆಸೆಯುವ ಕೆಲಸಕ್ಕೆಂದೇ ತಯಾರಿಸಿದ ಗಾಜಿನ ತುಂಡುಗಳು ಸುಮಾರು 730ರಿಂದ 760 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪರಸ್ಪರ ಅಂಟಿಕೊಳ್ಳುತ್ತವೆ, 800 ಡಿಗ್ರಿಯ ಆಸುಪಾಸಿನಲ್ಲಿ ಪೂರ್ಣವಾಗಿ ಒಂದಾಗುತ್ತವೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ತಣ್ಣಗಿರುವಾಗ ತರಂಗಗಳನ್ನು ಅಷ್ಟಾಗಿ ಹೀರದ ಗಾಜು, ಚೆನ್ನಾಗಿ ಕಾದ ನಂತರ ತಾನೇ ಹೀರತೊಡಗುತ್ತದೆ. ಆದುದರಿಂದ ಮೊದಲ ನಿಮಿಷಗಳಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೂ ಕೊನೆಯ ಹಂತದಲ್ಲಿ ಉಷ್ಣತೆಯು ಬಹು ಬೇಗನೆ ಏರುತ್ತದೆ. ಬೇಸರಪಟ್ಟು ಒಮ್ಮೆಗೇ ಎರಡು ಮೂರು ನಿಮಿಷ ಸೇರಿಸಿದಲ್ಲಿ ಪದಕದ ಬದಲು ಕುಲುಮೆಯ ತಳಕ್ಕೆ ಅಂಟಿದ ಗಾಜಿನ ಕೊಚ್ಚೆಯಷ್ಟೇ ಉಳಿಯುತ್ತದೆ. ಕೊನೆಯಲ್ಲಿ 15ರಿಂದ 30 ಸೆಕೆಂಡುಗಳಷ್ಟೇ ಅವಧಿಯನ್ನು ಹೆಚ್ಚಿಸುತ್ತ ಹೋಗುವುದು ಸೂಕ್ತ.

ಕಣ್ಣಿಗೆ ಕಾಣದ ಶಾಖ

ಸುಮಾರು 525 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಯಾವುದೇ ಘನವಸ್ತುವು ಕತ್ತಲಲ್ಲಿಯೂ ಕೆಂಪಾಗಿ ಕಾಣುವುದಿಲ್ಲ. ಬೆಳಕಿರುವ ಕೋಣೆಯಲ್ಲಿ ಇನ್ನೂ ಹೆಚ್ಚು ಕಾದರೂ ತಿಳಿಯದೆ ಹೋಗಬಹುದು. 400 ಡಿಗ್ರಿಯಲ್ಲಿರುವ ಪದಕಕ್ಕೂ ತಣ್ಣಗಿನ ಪದಕಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ. ಹಪ್ಪಳ ಕರಿಯುವ ಎಣ್ಣೆಯ ಉಷ್ಣತೆಯು ಇದರ ಅರ್ಧದಷ್ಟು ಮಾತ್ರ ಎಂಬುದನ್ನು ನೆನೆದರೆ ಅಪಾಯದ ಪ್ರಮಾಣವು ಅರಿವಾಗುತ್ತದೆ. ಕುಲುಮೆಯ ಹೊರಮೈ ಒಳಗಿನಷ್ಟು ಬಿಸಿಯಾಗದಿರುವುದರಿಂದ ಒಳಗೂ ಹಾಗೆಯೇ ಇರಬಹುದೆಂಬ ಭ್ರಮೆ ಸಹಜ. ಒಲೆಯ ಗಂಟೆ ಬಾರಿಸಿದೊಡನೆ ಅಡುಗೆ ಸಿದ್ಧವಾಯಿತೆಂದು ಬಾಗಿಲು ತೆರೆಯುವ ಅಭ್ಯಾಸವು ಎಲ್ಲರಲ್ಲಿಯೂ ಇದೆ. ಈ ಕೆಲಸದಲ್ಲಿ ಗಂಟೆ ಬಾರಿಸಿದಾಗಲೇ ಅತ್ಯಂತ ಅಪಾಯದ ಅವಧಿಯು ಆರಂಭವಾಗುತ್ತದೆ.

ಅವಧಿ ಮುಗಿದ ನಂತರ ಕುಲುಮೆಯ ಮುಚ್ಚಳವನ್ನು ತೆರೆಯದೆ ಕನಿಷ್ಠ 45 ನಿಮಿಷ ಬಿಡಬೇಕು. ದೊಡ್ಡ ಕುಲುಮೆಗೆ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಬೇಕಾಗಬಹುದು. ಇದರಿಂದ ಕೈಗೂ ರಕ್ಷಣೆ, ವಸ್ತುವಿಗೂ ರಕ್ಷಣೆ. ಗಾಜು ಸುಮಾರು 480ರಿಂದ 540 ಡಿಗ್ರಿಯ ನಡುವೆ ನಿಧಾನವಾಗಿ ಇಳಿದರೆ ಮಾತ್ರ ಅದರೊಳಗಿನ ಬಿಗಿತವು ಸಡಿಲಗೊಳ್ಳುತ್ತದೆ. ಮುಚ್ಚಳ ತೆರೆದು ತಂಪು ಗಾಳಿ ತಾಗಿಸಿದಲ್ಲಿ ಅದು ಆಗಲೇ, ಕೆಲವೊಮ್ಮೆ ದಿನಗಳ ನಂತರ ಧರಿಸಿದವರ ಕೊರಳಿನಲ್ಲಿಯೇ, ಬಿರುಕು ಬಿಡಬಹುದು. ಈ ಸಾಧನದಲ್ಲಿ ಉಷ್ಣತೆಯ ಇಳಿಕೆಯನ್ನು ನಿಯಂತ್ರಿಸಲು ಅವಕಾಶವಿಲ್ಲದ ಕಾರಣ, ಮೂರು ಸೆಂಟಿಮೀಟರ್ ಅಗಲ ಹಾಗೂ ಆರು ಮಿಲಿಮೀಟರ್ ದಪ್ಪವನ್ನು ಮೀರದ ವಸ್ತುಗಳಿಗೆ ಸೀಮಿತಗೊಳಿಸುವುದು ಒಳಿತು.

ತಯಾರಕರ ಸೂಚನೆಯಂತೆ ಬಿಸಿ ಕುಲುಮೆಯನ್ನು ಒಲೆಯಿಂದ ಹೊರತೆಗೆಯಬೇಕಾದಲ್ಲಿ, ಮೊಣಕೈವರೆಗಿನ ಉಷ್ಣನಿರೋಧಕ ಕೈಗವಸು ಧರಿಸಿ, ಮುಂಚಿತವಾಗಿಯೇ ಇರಿಸಿದ ಅಗ್ನಿನಿರೋಧಕ ಇಟ್ಟಿಗೆಯ ಮೇಲೆ ಇಳಿಸತಕ್ಕದ್ದು. ಅಡುಗೆಮನೆಯ ಬಟ್ಟೆ ಅಥವಾ ಇಕ್ಕಳ ಸಾಲದು. ಕುಲುಮೆಯ ಪಕ್ಕದಲ್ಲಿ "ಬಿಸಿ ಇದೆ, ಮುಟ್ಟಬಾರದು" ಎಂದು ಬರೆದು, ತೆರೆಯಬಹುದಾದ ಸಮಯವನ್ನೂ ನಮೂದಿಸಿದ ಚೀಟಿಯನ್ನು ಇರಿಸಿದರೆ ಮನೆಯ ಮಕ್ಕಳಿಗೂ ಹಿರಿಯರಿಗೂ ಉಪಯುಕ್ತವಾಗುತ್ತದೆ.

ಒಲೆ ಮತ್ತು ವಿದ್ಯುತ್ ಸಂಪರ್ಕ

ಕುಲುಮೆಗೆ ಬಳಸಿದ ಮೈಕ್ರೋವೇವ್ ಒಲೆಯನ್ನು ಪುನಃ ಅಡುಗೆಗೆ ಬಳಸಬಾರದು. ಗಾಜಿನ ಬಣ್ಣಗಳು, ಅಂಟುಗಳು ಹಾಗೂ ಕುಲುಮೆಯ ಕಾಗದದಿಂದ ಹೊರಡುವ ಹೊಗೆ, ನಾರಿನ ಧೂಳು ಒಲೆಯ ಒಳಗೋಡೆಗೆ ಅಂಟಿರುತ್ತವೆ. ಹಳೆಯದಾದರೂ ಸುಸ್ಥಿತಿಯಲ್ಲಿರುವ ಪ್ರತ್ಯೇಕ ಒಲೆಯೊಂದನ್ನು ಮೀಸಲಿಡತಕ್ಕದ್ದು. ಬಾಗಿಲು ಸರಿಯಾಗಿ ಕೂರದ, ಜಾಲರಿ ತುಕ್ಕು ಹಿಡಿದ ಒಲೆಯು ಇದಕ್ಕೂ ಯೋಗ್ಯವಲ್ಲ. ತಿರುಗುವ ಗಾಜಿನ ತಟ್ಟೆಯು ಶಾಖಕ್ಕೆ ಸೀಳಬಹುದಾದ್ದರಿಂದ, ತಯಾರಕರು ಸೂಚಿಸಿದಲ್ಲಿ ಅದನ್ನು ತೆಗೆದು, ಕೆಳಗೆ ಗಾಳಿಯಾಡುವಂತೆ ಕುಲುಮೆಯನ್ನು ಪಿಂಗಾಣಿ ಕಾಲುಗಳ ಮೇಲೆ ನಿಲ್ಲಿಸಬೇಕು.

1000 ವ್ಯಾಟ್ ಉತ್ಪಾದನಾ ಸಾಮರ್ಥ್ಯದ ಒಲೆಯು ಸುಮಾರು 1500 ವ್ಯಾಟ್ ವಿದ್ಯುತ್ತನ್ನು ಸೆಳೆಯುತ್ತದೆ. 230 ವೋಲ್ಟ್‌ನಲ್ಲಿ 6 ಆಂಪಿಯರ್ ಸಾಕೆಟ್ 1380 ವ್ಯಾಟ್‌ಗಿಂತ ಹೆಚ್ಚಿನ ಭಾರವನ್ನು ಹೊರಲಾರದು. ಆದುದರಿಂದ ಭೂಸಂಪರ್ಕವುಳ್ಳ 16 ಆಂಪಿಯರ್ ಸಾಕೆಟ್‌ಗೆ ನೇರವಾಗಿ ಜೋಡಿಸಬೇಕು. ಒಲೆಯ ಹೊರಕವಚವನ್ನು ಬಿಚ್ಚಿ ಮಾರ್ಪಡಿಸುವುದು ಪ್ರಾಣಾಪಾಯಕರ. ಪ್ಲಗ್ ತೆಗೆದ ನಂತರವೂ ಒಳಗಿನ ಕೆಪಾಸಿಟರ್‌ನಲ್ಲಿ ಮಾರಕ ಪ್ರಮಾಣದ ಅಧಿಕ ವೋಲ್ಟೇಜ್ ಉಳಿದಿರುತ್ತದೆ.

ಗಾಜು ಮತ್ತು ಪಿಂಗಾಣಿಯ ಆಯ್ಕೆ

ಕಾದಾಗ ಹಿಗ್ಗುವ, ಆರಿದಾಗ ಕುಗ್ಗುವ ಪ್ರಮಾಣವು ಎಲ್ಲ ಗಾಜಿಗೂ ಒಂದೇ ಅಲ್ಲ. ಬೆಸೆಯುವ ಗಾಜಿನ ಮೇಲೆ ಮುದ್ರಿಸಿರುವ 90 ಅಥವಾ 96 ಎಂಬ ಅಂಕಿಯು ಈ ಉಷ್ಣ ವ್ಯಾಕೋಚನವನ್ನು ಸೂಚಿಸುತ್ತದೆ. ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿಗೆ ಅದು ಸುಮಾರು 33. ಅಂಕಿ ಬೇರೆಯಾದ ಗಾಜುಗಳನ್ನು ಬೆರೆಸಿದಲ್ಲಿ ಬೆಸುಗೆ ಕೂಡಿದಂತೆ ಕಂಡರೂ ತಣಿಯುವಾಗ ಸೀಳುತ್ತದೆ. ಮನೆಯಲ್ಲಿ ಸುಲಭವಾಗಿ ದೊರೆಯುವ ಒಡೆದ ಬಳೆಯ ಚೂರುಗಳ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಒಂದೇ ಡಜನ್‌ನ ಬಳೆಗಳನ್ನು ತಮ್ಮತಮ್ಮಲ್ಲಿ ಬೆಸೆದು ನೋಡಬಹುದೇ ಹೊರತು ಬೇರೆ ಬೇರೆ ಬಣ್ಣದವುಗಳನ್ನು ಪರೀಕ್ಷಿಸದೆ ಬೆರೆಸಬಾರದು. ಚಿನ್ನದ ಬಣ್ಣದ ಗೆರೆಯಿರುವ ಬಳೆಗಳು ಒಲೆಯಲ್ಲಿ ಕಿಡಿ ಹಾರಿಸಬಹುದು. ಕೆಲವು ಕೆಂಪು, ಹಳದಿ ಗಾಜುಗಳಲ್ಲಿ ಕ್ಯಾಡ್ಮಿಯಂ ಇರುವುದರಿಂದ ಇಂತಹ ಚೂರುಗಳಿಂದ ಆಹಾರ ಇಡುವ ಪಾತ್ರೆಗಳನ್ನು ತಯಾರಿಸತಕ್ಕದ್ದಲ್ಲ.

ಹಸಿಮಣ್ಣಿನ ವಸ್ತುಗಳನ್ನು ಈ ಕುಲುಮೆಯಲ್ಲಿ ಸುಡಬಾರದು. ಬಿಸಿಲಿನಲ್ಲಿ ಒಣಗಿದ ಮಣ್ಣಿನಲ್ಲಿಯೂ ರಾಸಾಯನಿಕವಾಗಿ ಬೆರೆತ ನೀರು ಇರುತ್ತದೆ. ಅದು ಸುಮಾರು 450ರಿಂದ 600 ಡಿಗ್ರಿಯ ನಡುವೆ ಆವಿಯಾಗಿ ಹೊರಬರುತ್ತದೆ. ಆವಿಗೆಯಲ್ಲಿ ಇದಕ್ಕೆ ಗಂಟೆಗಳ ಕಾಲಾವಕಾಶವಿದೆ, ಇಲ್ಲಿ ಇಲ್ಲ. ಫಲವಾಗಿ ವಸ್ತುವು ಸಿಡಿಯುತ್ತದೆ. ಈಗಾಗಲೇ ಸುಟ್ಟ, ತೆಳುವಾದ ಪಿಂಗಾಣಿ ಬಿಲ್ಲೆಗಳಿಗೆ ಕಡಿಮೆ ಉಷ್ಣತೆಯ ಬಣ್ಣ ಕೂಡಿಸಲು ಮಾತ್ರ ಬಳಸಬಹುದು.

ಬಳಸುವ ವೇಳೆ

ಗಾಜು ತಳಕ್ಕೆ ಅಂಟದಂತೆ ಕುಲುಮೆಯ ಕಾಗದವನ್ನು ಹಾಸಬೇಕು. ಅದರಲ್ಲಿರುವ ಅಂಟು ಉರಿಯುವಾಗ ವಾಸನೆ ಬರುವುದರಿಂದ ಕಿಟಕಿಗಳು ತೆರೆದಿರಬೇಕು. ಒಲೆ ನಡೆಯುತ್ತಿರುವಾಗ ಸ್ಥಳವನ್ನು ಬಿಟ್ಟು ಹೋಗಬಾರದು. ಎರಡನೆಯ ಬಾರಿ ಬಳಸುವಾಗ ಕುಲುಮೆಯು ಮೊದಲೇ ಬೆಚ್ಚಗಿದ್ದರೆ ಅವಧಿಯನ್ನು ಕಡಿಮೆ ಮಾಡಬೇಕು. ಒಂದು ಒಲೆಯಲ್ಲಿ ಸರಿಹೊಂದಿದ ಅವಧಿ ಇನ್ನೊಂದಕ್ಕೆ ಹೊಂದದ ಕಾರಣ, ಪ್ರತಿ ಬಾರಿಯ ವಿವರವನ್ನು ಪುಸ್ತಕದಲ್ಲಿ ದಾಖಲಿಸುವುದು ಉತ್ತಮ.

ಪಿಂಗಾಣಿ ನಾರಿನ ಧೂಳನ್ನು ಲಘುವಾಗಿ ಪರಿಗಣಿಸಬಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ನಾರನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡಬಹುದಾದ 2ಬಿ ವರ್ಗದಲ್ಲಿ ಸೇರಿಸಿದೆ. ಹಳೆಯ ಕಾಗದದ ಪುಡಿಯನ್ನು ಬಾಯಿಯಿಂದ ಊದಬಾರದು, ಪೊರಕೆಯಿಂದ ಗುಡಿಸಲೂಬಾರದು. ಎನ್95 ಮುಖಗವಸು ಧರಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು. ಕುಲುಮೆಯ ಅಂಚುಗಳು ಉದುರತೊಡಗಿದರೆ ಅದನ್ನು ಬದಲಾಯಿಸತಕ್ಕದ್ದು.

ಅವಘಡ ಸಂಭವಿಸಿದಲ್ಲಿ

ಒಲೆಯೊಳಗೆ ಜ್ವಾಲೆ ಕಂಡುಬಂದರೆ ಬಾಗಿಲನ್ನು ತೆರೆಯದೆ ಸ್ವಿಚ್ ಆರಿಸಿ ಪ್ಲಗ್ ತೆಗೆಯಬೇಕು, ನೀರು ಎರಚಬಾರದು. ಬೆಂಕಿ ಆರದಿದ್ದಲ್ಲಿ ಮನೆಯಿಂದ ಹೊರಬಂದು 112ಕ್ಕೆ ಕರೆ ಮಾಡಬೇಕು. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಉಂಗುರ, ಬಳೆಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಟೂತ್‌ಪೇಸ್ಟ್, ತುಪ್ಪ, ಅರಿಶಿನ, ಮಂಜುಗಡ್ಡೆ ಹಚ್ಚುವ ರೂಢಿಯು ಗಾಯವನ್ನು ಹೆಚ್ಚಿಸುತ್ತದೆ. ಬೊಬ್ಬೆ ಎದ್ದಲ್ಲಿ, ಅಥವಾ ಗಾಯವು ಮುಖ, ಅಂಗೈ ಅಥವಾ ಕಣ್ಣಿನ ಬಳಿ ಇದ್ದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.