ಆಂಟಾಲಜಿ

‘ಇರುವಂಥದ್ದು’ ಎಂಬರ್ಥದ ಗ್ರೀಕ್ ರೂಪಕ್ಕೆ ಶಾಸ್ತ್ರವಾಚಕವಾದ ಉತ್ತರಪದ ಸೇರಿ ಆದ ಈ ಪದವು ಪ್ರಾಚೀನ ಗ್ರೀಕರ ಬಳಕೆಯದಲ್ಲ. 1606ರಲ್ಲಿ ಯಾಕೋಬ್ ಲೋರ್‌ಹಾರ್ಡ್, 1613ರಲ್ಲಿ ರುಡಾಲ್ಫ್ ಗೊಕ್ಲೇನಿಯಸ್ ತಮ್ಮ ಲ್ಯಾಟಿನ್ ಗ್ರಂಥಗಳಲ್ಲಿ ಇದನ್ನು ಬಳಸಿದರು. ಅಸ್ತಿತ್ವದ ಸ್ವರೂಪವನ್ನು ವಿಚಾರಿಸುವ ತತ್ತ್ವಶಾಸ್ತ್ರದ ಶಾಖೆಗೆ ಸಂದ ಈ ಹೆಸರನ್ನು ಗಣಕವಿಜ್ಞಾನಿಗಳು, ತುಸು ಧಾರಾಳವಾಗಿಯೇ, ಬಹುವಚನಕ್ಕೂ ಒಗ್ಗಿಸಿಕೊಂಡರು: ಒಂದು ಕ್ಷೇತ್ರದಲ್ಲಿ ಯಾವ ಬಗೆಯ ವಸ್ತುಗಳಿವೆ, ಅವುಗಳ ನಡುವೆ ಯಾವ ಸಂಬಂಧಗಳು ಸಾಧ್ಯ ಎಂಬುದನ್ನು ಯಂತ್ರ ಓದಬಲ್ಲ ಭಾಷೆಯಲ್ಲಿ ನಿರೂಪಿಸುವ ಪ್ರತಿಯೊಂದು ಬರಹವೂ ಅವರಿಗೆ ಒಂದು ಆಂಟಾಲಜಿ. 1993ರಲ್ಲಿ ಟಾಮ್ ಗ್ರೂಬರ್ ನೀಡಿದ ವ್ಯಾಖ್ಯೆ ಈ ಅರ್ಥವನ್ನು ನೆಲೆಗೊಳಿಸಿತು.

ಜಾಲದ ದತ್ತಾಂಶವನ್ನು ಪರಸ್ಪರ ಬೆಸೆಯುವ ಸಂಶೋಧನೆಯಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ‘ಕಾವೇರಿ’ ಎಂಬ ಅಕ್ಷರಗಳು ನದಿಯನ್ನೂ ಸೂಚಿಸಬಹುದು, ಹೆಣ್ಣುಮಗಳೊಬ್ಬಳನ್ನೂ ಸೂಚಿಸಬಹುದು. ಓದುಗನಿಗೆ ಸಂದರ್ಭವೇ ಸಾಕಾದರೂ ಯಂತ್ರಕ್ಕೆ ಇವೆರಡಕ್ಕೂ ಬೇರೆ ಬೇರೆ ಜಾಲವಿಳಾಸ ಬೇಕು, ‘ಕಾವೇರಿ–ಉಗಮಸ್ಥಾನ–ತಲಕಾವೇರಿ’ ಎಂಬಂಥ ಮೂರಂಗದ ಹೇಳಿಕೆ ಬೇಕು, ಉಗಮಸ್ಥಾನವೆಂಬ ಸಂಬಂಧ ನದಿಗೇ ಸಲ್ಲುತ್ತದೆಂಬ ನಿಯಮವೂ ಬೇಕು. ಆ ನಿಯಮವನ್ನು ಒದಗಿಸುವುದು ಆಂಟಾಲಜಿ. ಅದು ದೊರೆತರೆ, ಯಾರೂ ಬರೆದಿಡದಿದ್ದರೂ, ಇಲ್ಲಿನ ಕಾವೇರಿ ನದಿಯೆಂದು ಯಂತ್ರ ತಾನೇ ಊಹಿಸುತ್ತದೆ. ಇಂಥ ಬರಹಗಳಿಗೆಂದು ವರ್ಲ್ಡ್ ವೈಡ್ ವೆಬ್ ಒಕ್ಕೂಟವು 2004ರಲ್ಲಿ ಮಾನ್ಯಮಾಡಿದ ಭಾಷೆಯ ಹೆಸರು ‘ಔಲ್’, ಅಂದರೆ ಗೂಬೆ. ‘ವೆಬ್ ಆಂಟಾಲಜಿ ಲ್ಯಾಂಗ್ವೇಜ್’ ಎಂಬುದರ ಆದ್ಯಕ್ಷರಗಳ ಕ್ರಮವನ್ನು ಸ್ವಲ್ಪ ಅದಲುಬದಲು ಮಾಡಿ ಆ ಹಕ್ಕಿಯನ್ನು ಬರಮಾಡಿಕೊಳ್ಳಲಾಗಿದೆ.